ಅನಸ್ತೈತ್ರಿ

ಧಾರವಾಡದ ಸಪ್ತಾಪುರದಲ್ಲಿ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು ಚಹಾದಂಗಡಿ ಮುಂದೆ ಕಟ್‌ಆಫ್ ಲೆಕ್ಕ ಹಾಕುವ ಹೊತ್ತಿಗೆ ನನ್ನ ಕೋಣೆಯ ಬಾಗಿಲು ತೆರೆದಿರುತ್ತದೆ. ಆಪ್ತಸಮಾಲೋಚನೆಗೆ ಬರುವವರಲ್ಲಿ ಹೆಚ್ಚಿನವರು ಅವರೇ. ಮೊದಮೊದಲು ನಾನು ಕೊಡುತ್ತಿದ್ದುದು ನಮ್ಮ ಹಿರಿಯರ ಔಷಧ: 'ತಲಿ ಕೆಡಿಸ್ಕೋಬ್ಯಾಡ ತಮ್ಮಾ.' ಹೂಂ ಎಂದು ಹೋದವರು ಮುಂದಿನ ವಾರ ಅದೇ ಕೆಟ್ಟ ತಲೆ ಹೊತ್ತು ಬರುತ್ತಿದ್ದರು.

ಆಮೇಲೆ ಸಿಬಿಟಿ, ಅಂದರೆ ಆಲೋಚನೆ-ವರ್ತನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ, ಕಲಿತೆ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಆರನ್ ಬೆಕ್, ಖಿನ್ನರಾದವರ ಮಾತಿನ ಅಡಿಯಲ್ಲಿ ಇನ್ನೊಂದು ಮಾತು ಸರಸರನೆ ಹರಿಯುವುದನ್ನೂ ಅದನ್ನವರು ಪರೀಕ್ಷಿಸದೆ ನಂಬುವುದನ್ನೂ ಗಮನಿಸಿದರು. ಆ ಮಾತನ್ನು ಹಿಡಿದು ಹಾಳೆಗಿಳಿಸಬೇಕು: ಏನಾಯಿತು, ಏನೆಂದುಕೊಂಡೆ, ಯಾವ ಭಾವನೆ, ನೂರಕ್ಕೆ ಎಷ್ಟು.

ಇಲ್ಲಿ ಕನ್ನಡವೇ ಕಾಲಿಗೆ ತೊಡರಿತು. ಹುಡುಗನೊಬ್ಬ (ಗುರುತು ಬದಲಿಸಿದ್ದೇನೆ) ಭಾವನೆಯ ಕಾಲಮ್ಮಿನಲ್ಲಿ ಬರೆದ: 'ಈ ಸಲಾನೂ ಆಗೂದಿಲ್ಲ ಅನಸ್ತೈತ್ರಿ.' ಅದು ಆಲೋಚನೆ. ಆದರೆ ತಪ್ಪು ಅವನದಲ್ಲ. ನಮಗೆ ಬ್ಯಾಸರವೂ ಅನಿಸುತ್ತದೆ, ಮಳಿ ಬರ್ತದ ಅಂತಲೂ ಅನಿಸುತ್ತದೆ. ಒಂದೇ ಕ್ರಿಯಾಪದ ಎರಡೂ ಮನೆಗೆ ನೀರು ಹೊರುತ್ತದೆ. ಪುಸ್ತಕ ಬದಿಗಿಟ್ಟು ಕೇಳಿದೆ: 'ಮನಸ್ಸು ಏನಂತು? ಹೊಟ್ಟ್ಯಾಗ ಏನಾತು?'

'ನಿನ್ನ ಕೈಲೆ ಆಗೂದಿಲ್ಲ ಅಂತ್ರಿ. ಹೊಟ್ಟ್ಯಾಗ ಕಲಸಿಧಾಂಗ ಆತ್ರಿ. ಹೆದರಿಕಿ, ಎಂಬತ್ತು.'

ಎಷ್ಟು ಚಂದ ಬೇರೆಯಾಯಿತು! ಅಕ್ಕಿಯಿಂದ ಹರಳು ಆರಿಸುವ ಸುಖ ಇದು, ಅವಸರ ಮಾಡಿದರೆ ಕೆಡುತ್ತದೆ. ಉತ್ತರ ನಾಲಿಗೆ ತುದಿಗೆ ಬಂದರೂ ನುಂಗಿ, ಅವನೇ ಆರಿಸಲಿ ಎಂದು ಕಾಯುವುದು ನನಗಿನ್ನೂ ಕಷ್ಟ. ನಮ್ಮ ಕಡೆಯವರಿಗೆ ಉಪದೇಶ ಪುಕ್ಕಟೆ. ಎಲ್ಲರಿಗೂ ಹಾಳೆ ಸಾಲದು. ಕೆಲವರಿಗೆ ಮದ್ದೂ ಬೇಕು. ಅವರನ್ನು 1845ರಿಂದ ಇಲ್ಲಿರುವ, ಈಗ ಡಿಮ್ಹಾನ್ಸ್ ಎನಿಸಿಕೊಂಡ ಮಾನಸಿಕ ಆಸ್ಪತ್ರೆಗೆ ಕಳಿಸುತ್ತೇನೆ. ಪಾಲಕರು ಹಳೇ ಹೆಸರು ನೆನೆದು ಮುಖ ಹಿಂಡುತ್ತಾರೆ.

ಆ ಹುಡುಗ ಪಂಚಮಿಗೂ ಊರಿಗೆ ಹೋಗಲೊಲ್ಲ. 'ನೌಕರಿ ಯಾವಾಗ ಅಂತ ಊರೇ ಕೇಳತೈತ್ರಿ.'

'ಊರಂದ್ರ ಎಷ್ಟು ಮಂದಿ?'

ಬಹಳ ಹೊತ್ತು ಲೆಕ್ಕ ಹಾಕಿ, 'ಇಪ್ಪತ್ತ್ರಿ' ಎಂದ. ಹೋಗಿ ಎಣಿಸಿಕೊಂಡು ಬರುವುದೆಂದು ಒಪ್ಪಂದವಾಯಿತು. ಹಾಳೆಯಲ್ಲಿ ಇಪ್ಪತ್ತು ಎಂದು ಅವನೇ ಬರೆದ.

ಹಬ್ಬ ಮುಗಿಸಿ ಶೇಂಗಾ ಉಂಡಿ ಹಿಡಿದು ಬಂದ. ಕೇಳಿದವರು ಮೂವರು. ಅವರಲ್ಲೊಬ್ಬರು ತಮ್ಮ ಮಗನಿಗೂ ಸಪ್ತಾಪುರದಲ್ಲಿ ರೂಮು ಹುಡುಕಿ ಕೊಡೆಂದು ಗಂಟುಬಿದ್ದಿದ್ದರಂತೆ.

ಸಮಾಲೋಚಕರು ಕಾಣಿಕೆ ಮುಟ್ಟಬಾರದು. ಎರಡು ಉಂಡಿ ತಿಂದೆ.

'ಹೆದರಿಕಿ ಈಗ ಎಷ್ಟಪಾ?'

'ನಲವತ್ತೈದು ಅನಸ್...' ಎಂದವನು ನಿಂತು, ಹೊಟ್ಟೆ ಮುಟ್ಟಿ ನೋಡಿಕೊಂಡ.