ಎರಡು ಹೊಳೆಗಳ ನಡುವೆ ಎಳೆದ ಗೆರೆ

ರಾಯಚೂರಿನಿಂದ ಚಂದ್ರಬಂಡದ ಕಡೆ ಹೊರಟರೆ ಊರು ಮುಗಿಯುತ್ತಲೇ ಕಲ್ಲಿನ ಸೀಮೆ ಶುರುವಾಗುತ್ತದೆ. ಒಂದರ ಮೇಲೊಂದು ಕೂತ ಗುಂಡುಗಳು, ಅವುಗಳ ಬುಡದಲ್ಲಿ ತೊಗರಿ, ಹತ್ತಿ, ನೀರು ಸಿಕ್ಕಲ್ಲಿ ಭತ್ತದ ಹಸಿರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಚಂದ್ರಬಂಡ ಹೋಬಳಿ ತೆಲಂಗಾಣಕ್ಕೆ ಅಂಟಿಕೊಂಡಿದೆ. ರಾಜ್ಯ ಮುಗಿಯುವ ಜಾಗವನ್ನು ನೆಲ ನೋಡಿ ಹೇಳಲು ಬರುವುದಿಲ್ಲ. ಹೊಳೆ ಅಡ್ಡ ಬರುವುದಿಲ್ಲ, ಘಟ್ಟ ಏಳುವುದಿಲ್ಲ. ಅದೇ ಮಣ್ಣು, ಅದೇ ಬಂಡೆ ಮುಂದುವರಿಯುತ್ತಲೇ ಹೋಗುತ್ತವೆ. ಬೋರ್ಡಿನ ಅಕ್ಷರ ಮಾತ್ರ ತೆಲುಗಾಗುತ್ತದೆ.

ಚಾದ ಅಂಗಡಿಯಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತ ಕೂತಿದ್ದ ಹಿರಿಯರೊಬ್ಬರನ್ನು ಗಡಿ ಎಲ್ಲಿ ಬರುತ್ತದೆಂದು ಕೇಳಿದೆ. ಅವರು ಪಕ್ಕದವನ ಜೊತೆ ತೆಲುಗಿನಲ್ಲಿ ಎರಡು ಮಾತಾಡಿ ನನ್ನ ಕಡೆ ಕನ್ನಡಕ್ಕೆ ತಿರುಗಿದರು. "ನಮ್ಮ ಸೋದರತ್ತಿನ್ನ ಗದ್ವಾಲ ಕಡಿ ಕೊಟ್ಟಿದ್ರು ನೋಡ್ರಿ. ಆವಾಗ ಜಿಲ್ಲಾ ಒಂದೇ ಇತ್ತು. ಬೀಗತನ ಇನ್ನೂ ನಡದೈತಿ. ಜಿಲ್ಲಾ ಬ್ಯಾರೆ ಆತು, ರಾಜ್ಯಾನೂ ಬ್ಯಾರೆ ಆತು."

ಅವರು ಹೇಳಿದ್ದು ಅಕ್ಷರಶಃ ನಿಜ. ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿ ಗದ್ವಾಲ, ಆಲಂಪುರ ತಾಲೂಕುಗಳೂ ಇದ್ದವು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶ ಸೇರಬೇಕೆಂದು ಪಟ್ಟಿ ಮಾಡುವಾಗ, ಈ ಎರಡು ತಾಲೂಕು ಬಿಟ್ಟು ಉಳಿದ ರಾಯಚೂರು ಜಿಲ್ಲೆ ಎಂದು ಒಂದೇ ಸಾಲಿನಲ್ಲಿ ಮುಗಿಸಿದೆ. ಆ ವರ್ಷದ ನವೆಂಬರ್ 1ಕ್ಕೆ ಚಂದ್ರಬಂಡ ಒಂದು ಜಿಲ್ಲೆಯ ಒಳಗಿನ ಊರಾಗಿದ್ದದ್ದು ರಾಜ್ಯದ ಅಂಚಿನ ಊರಾಯಿತು. ಬಂಡಿ ಕಟ್ಟಿ ತವರಿಗೆ ಹೊರಟ ಹೆಣ್ಣುಮಗಳು ಅಂದಿನಿಂದ ಆಂಧ್ರದಿಂದ ಮೈಸೂರು ರಾಜ್ಯಕ್ಕೆ ಬಂದಂತಾಯಿತು. ಆ ಕಡೆಯ ಹೆಸರುಗಳು ಮತ್ತೂ ಬದಲಾದವು: 2014ರಲ್ಲಿ ತೆಲಂಗಾಣ, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ. ಕನ್ನಡಿಗರು ಒಂದೇ ರಾಜ್ಯದಡಿ ಬಂದ ಆ ದಿನದ ಸಂತೋಷ ದೊಡ್ಡದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಸಂತೋಷಕ್ಕೆ ಇಂಥ ಹೋಬಳಿಗಳು ಕೊಟ್ಟ ಬೆಲೆಯನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಈ ನೆಲದ ಮೇಲೆ ಗೆರೆ ಎಳೆದವರಲ್ಲಿ ದಿಲ್ಲಿಯವರೇನೂ ಮೊದಲಿಗರಲ್ಲ. ಶಾಸನಗಳು ಇದನ್ನು ಎಡದೊರೆ ಎರಡು ಸಾವಿರ ನಾಡು ಎನ್ನುತ್ತವೆ. ತಾನು ಗೆದ್ದ ದೇಶಗಳನ್ನು ಹೇಳಿಕೊಳ್ಳುವಾಗ ರಾಜೇಂದ್ರ ಚೋಳ ಈ ನಾಡಿನ ಹೆಸರನ್ನು ಮರೆಯುವುದಿಲ್ಲ. ಕಾವೇರಿ ತೀರದ ದೊರೆಗೆ ಈ ಕಲ್ಲುನೆಲದ ಹಂಬಲ! ಅವನಿಗಿಂತ ಎಷ್ಟೋ ಮೊದಲೇ ಬಾದಾಮಿಯ ಚಾಲುಕ್ಯರು ಇದೇ ಅಂತರ್ವೇದಿಯ ಪೂರ್ವದ ತುದಿ ಆಲಂಪುರದಲ್ಲಿ ನವಬ್ರಹ್ಮ ಗುಡಿಗಳನ್ನು ಎಬ್ಬಿಸಿದ್ದರು. ಪಟ್ಟದಕಲ್ಲು ನೋಡಿದವರು ಆಲಂಪುರಕ್ಕೂ ಒಮ್ಮೆ ಹೋಗಬೇಕು. ಗಡಿ ದಾಟಿದ್ದೇವೆಂಬುದೇ ಅಲ್ಲಿ ಮರೆತುಹೋಗುತ್ತದೆ.

ರಾಯಚೂರಿನ ಕೋಟೆಯಲ್ಲಿ ನಾನು ತುಂಬ ಹೊತ್ತು ನಿಂತದ್ದು ಒಂದು ಕಲ್ಲಿನ ಮುಂದೆ. ಸುಮಾರು 41 ಅಡಿ ಉದ್ದದ ಒಂದೇ ಚಪ್ಪಡಿ, ಗೋಡೆಯೊಳಗೆ ಕೂತಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ತೆಲುಗು ಬರಹ ಹೇಳುತ್ತದೆ. ಆ ಕಲ್ಲನ್ನು ಗಾಡಿಗೆ ಹೇರಿ ಸಾಲುಸಾಲು ಪಶುಗಳು ಎಳೆದು ತಂದ ಬಗೆಯನ್ನೂ ಅಲ್ಲಿಯೇ ಕೊರೆದಿದ್ದಾರೆ. ಇಂಥ ಕಲ್ಲನ್ನು ಇಲ್ಲಿಗೆ ತರಿಸುವಷ್ಟು ಈ ನೆಲದಲ್ಲಿ ಏನಿತ್ತು? ಎರಡು ಹೊಳೆಗಳ ನಡುವಿನ ಬೆಳೆ ಇತ್ತು, ಉತ್ತರ ದಕ್ಷಿಣಗಳ ದಾರಿ ಇತ್ತು. ಕೋಟೆ ಯಾರ ಕೈಲಿತ್ತೋ ಕಂದಾಯ ಅವರದು. ಅದಕ್ಕಾಗಿಯೇ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆ ಹಿಡಿದಾಗ ಅವನ ಜೊತೆ ಬಂದೂಕು ಹಿಡಿದ ಪೋರ್ಚುಗೀಸರೂ ಇದ್ದರು. ಆ ಯುದ್ಧವನ್ನು ವಿವರವಾಗಿ ಬರೆದಿಟ್ಟ ನೂನಿಜ್ ಕೂಡ ಪೋರ್ಚುಗೀಸನೇ.

ಒಂದು ಸಂಗತಿ ನನ್ನನ್ನು ಮತ್ತೆಮತ್ತೆ ಬೆರಗುಗೊಳಿಸುತ್ತದೆ. ಪ್ರಾಂತ್ಯಗಳನ್ನು ರಾಜ್ಯ ಮಾಡುತ್ತದೆ ಎಂದು ನಾವು ತಿಳಿದಿದ್ದೇವೆ. ದಖ್ಖನಿನಲ್ಲಿ ಪ್ರಾಂತ್ಯಗಳೇ ರಾಜ್ಯಗಳಾಗಿವೆ. ಬಹಮನಿಗಳು ತಮ್ಮ ರಾಜ್ಯವನ್ನು ನಾಲ್ಕು ತರಫುಗಳಾಗಿ ಹಂಚಿದ್ದರು. ತರಫುದಾರರು ಬಲಿತರೆ ಅಪಾಯವೆಂದು ಮಹಮೂದ್ ಗವಾನ್ ಅವನ್ನು ಒಡೆದು ಎಂಟು ಮಾಡಿದ. 1481ರಲ್ಲಿ ಅವನ ತಲೆಯೇ ಹೋಯಿತು. ಆಮೇಲೆ ಬಿಜಾಪುರ, ಗೋಲ್ಕೊಂಡಗಳ ಅಧಿಕಾರಿಗಳು ತಾವೇ ಸುಲ್ತಾನರಾದರು. ಮುಂದೆ ಮೊಗಲರ ದಖ್ಖನ್ ಸುಬೇದಾರಿಯೂ ಅದೇ ದಾರಿ ಹಿಡಿಯಿತು. 1724ರಲ್ಲಿ ಸುಬೇದಾರನೇ ಸ್ವತಂತ್ರನಾಗಿ ನಿಜಾಮನ ಹೈದರಾಬಾದಾಯಿತು. ಆ ನಿಜಾಮ ಮನೆತನ 1853ರಲ್ಲಿ ಸೈನ್ಯದ ಖರ್ಚಿನ ಬಾಕಿಗೆ ಬ್ರಿಟಿಷರಿಗೆ ವಹಿಸಿಕೊಟ್ಟ ಸೀಮೆಗಳಲ್ಲಿ ಬೀರಾರದ ಜೊತೆ ಈ ಎರಡು ಹೊಳೆಗಳ ನಡುವಿನ ರಾಯಚೂರು ದೋಆಬೂ ಇತ್ತು. ಸಾಲಕ್ಕೆ ಒಡವೆ ಇಟ್ಟ ಹಾಗೆ ಇಟ್ಟ ಈ ನಾಡು 1860ರಲ್ಲಿ ಬಿಡುಗಡೆಯಾಗಿ ಬಂತು. ಬೀರಾರ ಮರಳಲಿಲ್ಲ. ಅದೂ ಉಳಿದಿದ್ದರೆ, ಅಥವಾ ಇದೂ ಹೋಗಿದ್ದರೆ, ನಮ್ಮ ರಾಜ್ಯದ ನಕಾಶೆ ಇಂದು ಹೇಗಿರುತ್ತಿತ್ತೋ.

ಗೆರೆ ಎಳೆದದ್ದರ ಫಲವನ್ನು ಕಣ್ಣಾರೆ ನೋಡಬೇಕೆಂದರೆ ಮಾನ್ವಿಯ ಕಡೆ, ತುಂಗಭದ್ರೆಯ ದಂಡೆಗೆ, ರಾಜೋಳಿಬಂಡಕ್ಕೆ ಹೋಗಬೇಕು. ಹೊಳೆಗೆ ಅಡ್ಡ ಕಟ್ಟಿದ ಆಣೆಕಟ್ಟಿನ ಎಡದಿಂದ ಕಾಲುವೆ ಹೊರಡುತ್ತದೆ. ಇದನ್ನು ಯೋಚಿಸಿದ್ದು ಹೈದರಾಬಾದಿನ ಎಂಜಿನಿಯರುಗಳು. ಅವರ ಕಣ್ಣಿಗೆ ಇದೆಲ್ಲ ಒಂದೇ ಜಿಲ್ಲೆ. ಮಾನ್ವಿಯಲ್ಲಿ ತಿರುವಿದ ನೀರು ಇಳಿಜಾರು ಹಿಡಿದು ಆಲಂಪುರದ ಹೊಲ ಮುಟ್ಟಬೇಕಿತ್ತು. ಕಾಲುವೆ ಸುಮಾರು 143 ಕಿಲೋಮೀಟರ್ ಉದ್ದ, ಅದರ ಮೊದಲ 43 ನಮ್ಮ ಕಡೆ. ನೀರಾವರಿಯಲ್ಲಿ ನಮ್ಮ ಪಾಲು ಸುಮಾರು 5,900 ಎಕರೆ, ಆಚೆಯದು 87,500 ಎಕರೆ. ಕಾಮಗಾರಿ ಪೂರ್ತಿಯಾಗುವ ಹೊತ್ತಿಗೆ ಜಿಲ್ಲೆ ಎರಡಾಗಿತ್ತು. ಒಬ್ಬ ಕಲೆಕ್ಟರು ಕೂತು ಮುಗಿಸಬಹುದಾಗಿದ್ದ ಹಂಚಿಕೆಯನ್ನು ಬಚಾವತ್ ನ್ಯಾಯಮಂಡಳಿ ತೀರ್ಮಾನಿಸಬೇಕಾಯಿತು: ಒಟ್ಟು 17.1 ಟಿಎಂಸಿ, ಅದರಲ್ಲಿ 15.9 ಆಚೆಗೆ. ಆದರೂ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ ಎಂಬ ಕೂಗು ನಿಂತಿಲ್ಲ. ಎದುರು ದಂಡೆ ಇಂದು ಆಂಧ್ರಪ್ರದೇಶ. ಒಂದು ಆಣೆಕಟ್ಟಿಗೆ ಈಗ ಮೂರು ರಾಜ್ಯಗಳ ಕಣ್ಣು. ನೀರು ಮಾತ್ರ ಎಂಜಿನಿಯರು ತೋರಿಸಿದ ಇಳಿಜಾರಿನಲ್ಲೇ ಹರಿಯುತ್ತಿದೆ.

ಸಂವಿಧಾನದಲ್ಲೂ ಈ ನೆಲ ತನ್ನ ಗುರುತು ಬರೆಸಿದೆ. ಸಂಸತ್ತು ರಾಜ್ಯದ ಎಲ್ಲೆ ಬದಲಿಸಬಹುದು ಎನ್ನುತ್ತದೆ ಮೂರನೇ ವಿಧಿ. ನಿಜಾಮನ ಕಾಲದಿಂದ ಬಂದ ಹಿಂದುಳಿದ ಸ್ಥಿತಿ ಎಲ್ಲೆ ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ. ಅದಕ್ಕೇ ಹೈದರಾಬಾದ್ ಕರ್ನಾಟಕದ ಜನ ವರ್ಷಗಟ್ಟಲೆ ಹೋರಾಡಿದರು. 2012ರಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿತು, 371ಜೆ ಬಂತು: ಈ ಭಾಗದವರಿಗೆ ಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲು, ಅಭಿವೃದ್ಧಿಗೆ ಮಂಡಳಿ. ಆಚೆಯವರಿಗೆ 1974ರಿಂದಲೇ 371ಡಿ ಇದೆ, ಅದೂ ಸ್ಥಳೀಯರ ಓದು, ನೌಕರಿಗಳ ರಕ್ಷಣೆಗೇ. ಎಲ್ಲಿಯೋ ದೂರದಲ್ಲಿ ಬರೆದ ಪುಸ್ತಕದಲ್ಲಿ ನಮ್ಮ ಹಳೆಯ ಜಿಲ್ಲೆಯ ಎರಡು ತುಂಡುಗಳು ಒಂದೇ ಸಂಖ್ಯೆಯಡಿ, ಬೇರೆ ಬೇರೆ ಅಕ್ಷರ ಹಿಡಿದು ನಿಂತಿವೆ.

ಚಾದ ಅಂಗಡಿಯ ಹಿರಿಯರ ಮೊಮ್ಮಗ 371ಜೆ ಪ್ರಮಾಣಪತ್ರಕ್ಕಾಗಿ ರಾಯಚೂರಿನ ತಹಶೀಲ್ ಕಚೇರಿಗೆ ಹೋಗಿದ್ದಾನಂತೆ. ಅವನ ವಾರಿಗೆಯ ಹುಡುಗ, ಆ ಸೋದರತ್ತೆಯ ಮರಿಮಗ, ಗದ್ವಾಲದಲ್ಲಿ ತನ್ನ ಜೋನಿನ ಪೋಸ್ಟಿಗೆ ಅರ್ಜಿ ಹಾಕಿದ್ದಾನೆ. ಇಬ್ಬರೂ ಬರುವ ತಿಂಗಳ ಮದುವೆಗೆ ಚಂದ್ರಬಂಡಕ್ಕೆ ಬರುತ್ತಾರೆ. "ಯಾರಿಗೆ ಮೊದಲು ಆರ್ಡರ್ ಬರ್ತದ ನೋಡಮು" ಎಂದು ಹಿರಿಯರು ಚಾದ ರೊಕ್ಕ ಕೊಟ್ಟು ಎದ್ದರು.