ಏರಿಯ ಮೇಲೊಂದು ಹಗಲು

ಚನ್ನರಾಯಪಟ್ಟಣವೆಂದೊಡನೆ ವಾಚಕರಲ್ಲಿ ಬಹುಮಂದಿಗೆ ಹಾಸನ ಸೀಮೆಯ ಊರೂ ಶ್ರವಣಬೆಳಗೊಳದ ದಾರಿಯೂ ನೆನಪಿಗೆ ಬರುವುದು ಸಹಜ. ನಾವು ಹೇಳಹೊರಟಿರುವುದು ಆ ಊರಿನ ಮಾತನ್ನಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಅದೇ ಹೆಸರಿನ ಒಂದು ಹೋಬಳಿಯುಂಟು. ಅಲ್ಲಿ ಜಲಪಾತವಿಲ್ಲ, ದೊಡ್ಡ ನದಿಯಿಲ್ಲ. ಇರುವುದು ಕೆಂಪುಮಣ್ಣಿನ ಹೊಲಗಳು, ದ್ರಾಕ್ಷಿಯ ಚಪ್ಪರಗಳು, ಹಿಪ್ಪುನೇರಳೆಯ ತೋಟಗಳು, ಅಲ್ಲಲ್ಲಿ ಕೆರೆಗಳು. ಅಂಥ ಒಂದು ಕೆರೆಯ ಏರಿಯ ಮೇಲೆ ಮನೆಮಂದಿಯೊಡನೆ ಕಳೆದ ಒಂದು ಹಗಲಿನ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಾರ್ತಿಕವು ಕಳೆದು ಮಾರ್ಗಶಿರವು ಮೊದಲಾಗಿತ್ತು. ಮಳೆ ನಿಂತು ಕೆರೆಗಳಲ್ಲಿ ನೀರು ತಿಳಿಯಾಗುವ ಕಾಲವದು. ನಮ್ಮ ಮನೆಯವರು ಬೆಳಗಿನ ಜಾವದಲ್ಲೆದ್ದು ಪುಳಿಯೋಗರೆ, ಮೊಸರನ್ನಗಳ ಬುತ್ತಿಯನ್ನು ಕಟ್ಟಿದರು. ಮಗನೂ ಸೊಸೆಯೂ ಇಬ್ಬರು ಮೊಮ್ಮಕ್ಕಳೂ ಜೊತೆಗೂಡಿದರು. ಹತ್ತು ವರ್ಷದ ಮೊಮ್ಮಗನು ಬಿದಿರಿನ ಕೋಲಿಗೆ ದಾರವನ್ನು ಕಟ್ಟಿ ಗಾಳವೊಂದನ್ನು ಸಿದ್ಧಮಾಡಿಕೊಂಡಿದ್ದನು. ಮೀನು ಹಿಡಿಯುವುದು ನಮ್ಮ ಮನೆಯ ವಾಡಿಕೆಯಲ್ಲ. ಆದರೂ ಹುಡುಗನ ಉತ್ಸಾಹಕ್ಕೆ ಭಂಗ ತರಲು ಮನಸ್ಸಾಗಲಿಲ್ಲ.

ಈ ಸೀಮೆಯ ಜಲಸ್ಥಿತಿಯನ್ನು ಮೊದಲು ಒಂದಿಷ್ಟು ತಿಳಿಯಬೇಕು. ಸಮೀಪದ ನಂದಿಯ ಬೆಟ್ಟಸಾಲಿನಲ್ಲಿ ಅರ್ಕಾವತಿ, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ ಮೊದಲಾದ ನದಿಗಳು ಹುಟ್ಟುತ್ತವೆ. ಹುಟ್ಟುವುದೇನೋ ಇಲ್ಲಿ, ತುಂಬಿ ಹರಿಯುವುದು ದೂರದ ನಾಡುಗಳಲ್ಲಿ. ಆದಕಾರಣ ಹಿಂದಿನವರು ಬಿದ್ದ ಮಳೆಯನ್ನು ಇಳಿಜಾರಿನಲ್ಲಿ ಏರಿ ಹಾಕಿ ತಡೆದರು. ಮೇಲಣ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಣ ಕೆರೆಯನ್ನು ಸೇರುವುದು. ಹೀಗೆ ಒಂದು ಊರಿನ ಉಳಿಕೆಯೇ ಇನ್ನೊಂದು ಊರಿನ ಜೀವನವಾಯಿತು. ನಡುವೆ ಒಂದು ಕಾಲುವೆಯನ್ನು ಮುಚ್ಚಿದರೆ ಕೆಳಗಿನ ಕೆರೆಗಳೆಲ್ಲವೂ ಬಡವಾಗುವುವು.

ಏರಿಯ ಒಂದು ತುದಿಯಿಂದ ನಡೆಯಲಾರಂಭಿಸಿದೆವು. ಬಲಕ್ಕೆ ನೀರು, ಎಡಕ್ಕೆ ತಗ್ಗಿನಲ್ಲಿ ಅಚ್ಚುಕಟ್ಟಿನ ಗದ್ದೆ. ಜೊಂಡಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಒಂಟಿಕಾಲಿನಲ್ಲಿ ನಿಂತಿದ್ದುವು. ನೀರುಕಾಗೆಯೊಂದು ರೆಕ್ಕೆಯನ್ನು ಬಿಚ್ಚಿ ಬಿಸಿಲಿಗೊಡ್ಡಿತ್ತು. ಮೊಮ್ಮಗಳು ತೂಬಿನ ಕಲ್ಲುಕಂಬಗಳನ್ನು ಕಂಡು, “ತಾತ, ಇದು ದೇವರ ಗುಡಿಯೇ?” ಎಂದು ಕೇಳಿದಳು. ನೀರನ್ನು ಅಳತೆಯಾಗಿ ಗದ್ದೆಗೆ ಬಿಡುವ ಬಾಗಿಲು ಅದು, ಅದನ್ನು ಕಾಯುವವನೇ ನೀರುಗಂಟಿ, ಎಂದು ವಿವರಿಸಿದೆವು. ಇನ್ನೊಂದು ತುದಿಯಲ್ಲಿ ಕೋಡಿ ಸಿಕ್ಕಿತು. ನಡುನಡುವೆ ನಿಂತು ನೋಡುತ್ತ ಬಂದುದರಿಂದ ಮಕ್ಕಳಿಗಾಗಲಿ ನಮಗಾಗಲಿ ಆಯಾಸವೇ ತೋರಲಿಲ್ಲ.

ಕೋಡಿಯ ಬಳಿ ದಡವು ಮೆಲ್ಲನೆ ಇಳಿದಂತೆ ಕಾಣುತ್ತಿತ್ತು. ಮೊಮ್ಮಗನು ಗಾಳವನ್ನು ಹಿಡಿದು ಮೊಳಕಾಲುದ್ದ ನೀರಿಗೆ ಇಳಿಯಹೊರಟನು, ನಾವೂ ತಡೆಯಲಿಲ್ಲ. ಅಷ್ಟರಲ್ಲಿ ದನ ಮೇಯಿಸುತ್ತಿದ್ದ ವೃದ್ಧರೊಬ್ಬರು ಕೂಗಿಕೊಂಡು ಓಡಿಬಂದರು. “ಸ್ವಾಮೀ, ಮಗೂನ ಇಳಿಸ್ಬೇಡಿ! ಅಲ್ಲಿ ಮಣ್ಣು ತಗ್ದಿರೋ ಗುಂಡಿ ಐತೆ. ಮೇಲಿಂದ ನೋಡುದ್ರೆ ಆಳ ಗೊತ್ತಾಗಕ್ಕಿಲ್ಲ” ಎಂದರು. ಕೈಯಲ್ಲಿದ್ದ ಕೋಲನ್ನು ಎರಡು ಮಾರು ಮುಂದಕ್ಕೆ ಚುಚ್ಚಿ ತೋರಿಸಿದರು. ಆಳೆತ್ತರದ ಕೋಲು ನೆಲ ಮುಟ್ಟಲಿಲ್ಲ. ಸೊಸೆಯು ಮಗುವನ್ನು ಎಳೆದುಕೊಂಡು ಎದೆಗವಚಿಕೊಂಡಳು. ನಮಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

“ಯಜಮಾನರೇ, ನಿಮ್ಮಿಂದ ಮಗು ಉಳಿಯಿತು” ಎಂದು ಕೈಮುಗಿದೆವು. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಗಾಳದ ಕಡೆ ನೋಡಿ ನಕ್ಕು, “ಮೀನು ಗುತ್ತಿಗೆಗೆ ಹೋಗೈತೆ ಸ್ವಾಮಿ. ಹಿಡೀಬೇಕಂದ್ರೆ ಗುತ್ತಿಗೆದಾರ್ರನ್ನ ಒಂದು ಮಾತು ಕೇಳ್ಬೇಕು” ಎಂದರು. ಕಾಟ್ಲ, ರೋಹು ಮೊದಲಾದ ಜಾತಿಯ ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಡುತ್ತಾರಂತೆ. ನಾವು ಯಾರದೂ ಅಲ್ಲವೆಂದು ಭಾವಿಸಿದ್ದ ಮೀನಿಗೂ ಒಡೆಯನಿದ್ದನು.

ನಾಚಿಕೆಯ ಒಂದು ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಮರಕೋಶದ ವಾರಿವರ್ಗವನ್ನು ಬಹುಕಾಲ ಹುಡುಗರಿಗೆ ಬಾಯಿಪಾಠ ಮಾಡಿಸಿದವರು ನಾವು. ಕೆರೆಗೆ ಸಂಸ್ಕೃತದಲ್ಲಿ ಎಷ್ಟು ಹೆಸರುಗಳೆಂದು ಕೇಳಿದರೆ ತಡವರಿಸದೆ ಹೇಳಬಲ್ಲೆವು. ಕಣ್ಣ ಮುಂದಿದ್ದ ಕೆರೆಯ ಗುಂಡಿಯನ್ನು ಮಾತ್ರ ಅರಿಯದೆ ಹೋದೆವು.

ಆಗ ಪೋರುಮಾಮಿಳ್ಳದ ಶಾಸನವು ನೆನಪಿಗೆ ಬಂದಿತು. ಅದು ಈಗಿನ ಆಂಧ್ರದ ಕಡಪ ಜಿಲ್ಲೆಯಲ್ಲಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯನ್ನು ಕುರಿತು ೧೩೬೯ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನವದು. ಸಾವಿರ ಕೂಲಿಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಆ ಕೆರೆಯಾಯಿತೆಂದು ಅದು ತಿಳಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಅದರಲ್ಲಿ ಎಣಿಸಿದ್ದಾರೆ. ಏರಿಯಲ್ಲಿ ನೀರು ಜಿನುಗುವುದು, ಚೌಳುಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಅಲ್ಪವಾಗಿ ಸಾಗುವಳಿಯ ನೆಲ ಬಹಳವಾಗಿರುವುದು, ಇವು ಐದು. ಆರನೆಯದು ವಿಚಾರಾರ್ಹವಾದುದು: ನೀರು ಬಹಳವಾಗಿದ್ದು ನೆಲವು ಅಲ್ಪವಾಗಿರುವುದು. ಉಣಿಸಲು ನೆಲವಿಲ್ಲದ ಕೆರೆ ಎಷ್ಟು ತುಂಬಿದ್ದರೂ ದೋಷಯುಕ್ತವೆಂದು ಹಿರಿಯರ ಅಭಿಪ್ರಾಯ.

ಮಧ್ಯಾಹ್ನಕ್ಕೆ ಅದೇ ಹೋಬಳಿಯ ನಲ್ಲೂರಿಗೆ ಹೋಗಿ, ಅಲ್ಲಿಯ ಹುಣಸೆಯ ತೋಪಿನ ಅಂಚಿನ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿದೆವು. ಸುಮಾರು ೫೪ ಎಕರೆಯ ಈ ತೋಪು ೨೦೦೭ರಲ್ಲಿ ಜೀವವೈವಿಧ್ಯದ ಪರಂಪರೆಯ ತಾಣವೆಂದು ಘೋಷಿತವಾಯಿತು. ಭಾರತದಲ್ಲಿ ಅಂಥ ಮನ್ನಣೆ ಪಡೆದ ಮೊದಲನೆಯ ತಾಣವಿದು. ಕೆಲವು ಮರಗಳ ಬೊಡ್ಡೆಯನ್ನು ನಾವೆಲ್ಲರೂ ಕೈಕೈ ಹಿಡಿದು ಬಳಸಬೇಕಾಯಿತು. ಒಳಗೆ ಟೊಳ್ಳಾಗಿದ್ದರೂ ಮೇಲೆ ಚಿಗುರಿವೆ. ಮೊಮ್ಮಗನು ಬೆಳಗಿನ ಭಯವನ್ನು ಮರೆತು ಪೊಟರೆಯೊಳಗೆ ಅವಿತು ತಂಗಿಯನ್ನು ಕೂಗಿದನು.

ಈ ನೆಲದ ಮೇಲೆ ಬಂದಿದ್ದ ವಿಪತ್ತನ್ನು ವಾಚಕರು ವೃತ್ತಪತ್ರಿಕೆಗಳಲ್ಲಿ ಓದಿರಬಹುದು. ೨೦೦೮ರಲ್ಲಿ ಇದೇ ತಾಲ್ಲೂಕಿನಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಸುತ್ತಣ ಭೂಮಿಯ ಬೆಲೆ ಏರಿತು. ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಗ್ರಾಮಗಳ ೧,೭೭೭ ಎಕರೆಯನ್ನು ಕೈಗಾರಿಕೆಗಾಗಿ ತೆಗೆದುಕೊಳ್ಳುವ ಪ್ರಯತ್ನವು ನಡೆಯಿತು. ರೈತರು ೨೦೨೨ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ನಡೆಸಿದರು. ೨೦೨೫ರ ಜುಲೈ ೧೫ರಂದು ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ಕೈಗಾರಿಕೆಯೇ ಬೇಡವೆಂದು ನಾವು ಹೇಳುವವರಲ್ಲ. ನಮ್ಮ ಮಕ್ಕಳಿಗೂ ಉದ್ಯೋಗ ಬೇಕು. ಆದರೆ ಏರಿಯ ಕೆಳಗಿನ ಗದ್ದೆಯೂ ಮೇಲಣ ಹೊಲವೂ ಹೋದ ಬಳಿಕ ಉಳಿಯುವ ಕೆರೆ ಎಂಥದು? ಶಾಸನವು ಹೇಳಿದ ಆರನೆಯ ದೋಷದ ಕೆರೆ. ಆ ಬೆಳಗ್ಗೆ ನಮ್ಮ ಮಗುವನ್ನು ಕೂಗಿ ನಿಲ್ಲಿಸುವವರೂ ಅಲ್ಲಿ ಇರುತ್ತಿರಲಿಲ್ಲ.

ಗೃಹಸ್ಥರಾದ ವಾಚಕರು ಅವಶ್ಯವಾಗಿ ಮಕ್ಕಳನ್ನು ಕೆರೆಗಳಿಗೆ ಕರೆದೊಯ್ಯಬೇಕು. ಹೋದಾಗ ಕೆಲವು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಮೇಲು. ಊರಿನವರನ್ನು ಕೇಳದೆ ನೀರಿಗಿಳಿಯಬಾರದು. ಗಾಳ ಹಾಕುವ ಮುನ್ನ ಗುತ್ತಿಗೆ ಯಾರದೆಂದು ವಿಚಾರಿಸಬೇಕು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳೆನೀರನ್ನು ಶುದ್ಧಿಮಾಡಿ ಈ ಜಿಲ್ಲೆಯ ಹಾಗೂ ಚಿಕ್ಕಬಳ್ಳಾಪುರದ ಹಲವು ಕೆರೆಗಳಿಗೆ ತುಂಬುವ ಯೋಜನೆಯುಂಟು. ಅಂತರ್ಜಲವು ಏರಲೆಂಬುದು ಅದರ ಉದ್ದೇಶ. ಅದು ಕುಡಿಯುವ ನೀರಲ್ಲ. ಆದುದರಿಂದ ಕೆರೆಯ ನೀರು ತಿಳಿಯಾಗಿ ಕಂಡಿತೆಂದು ಮಕ್ಕಳಿಗೆ ಬೊಗಸೆಯಲ್ಲಿ ಕುಡಿಸಬಾರದು. ಎಲೆ ಕಾಗದಗಳನ್ನು ಚೀಲದಲ್ಲಿ ಹಿಂದಕ್ಕೆ ತರಬೇಕು.

ಸಂಜೆ ಹಿಂದಿರುಗುವಾಗ ಮತ್ತೆ ಆ ಏರಿಯ ಮೇಲೆಯೇ ಬಂದೆವು. ವೃದ್ಧರು ದನಗಳನ್ನು ಹೊಡೆದುಕೊಂಡು ಊರಿನ ಕಡೆ ಹೊರಟಿದ್ದರು. ನಮ್ಮ ಮನೆಯವರು ಬುತ್ತಿಯಲ್ಲಿ ತೆಗೆದಿಟ್ಟಿದ್ದ ಪುಳಿಯೋಗರೆಯನ್ನು ಎಲೆಯಲ್ಲಿ ಕಟ್ಟಿ ಅವರ ಕೈಗಿತ್ತರು. ಮೊಮ್ಮಗನು ಯಾರೂ ಹೇಳದೆ ಬಾಗಿ ಅವರ ಕಾಲಿಗೆ ನಮಸ್ಕರಿಸಿದನು. ಬಿದಿರಿನ ಗಾಳವನ್ನು ಅವನು ಹಿಂದಕ್ಕೆ ತರಲಿಲ್ಲ. ಗುಂಡಿಯಿದ್ದ ಕಡೆ ದಡದಲ್ಲಿ ನೆಟ್ಟು, ಅದರ ತುದಿಗೆ ತನ್ನ ಕೆಂಪು ಕರವಸ್ತ್ರವನ್ನು ಕಟ್ಟಿ ಬಂದನು.