ತೋಟದ ಹಳದಿ

ಶರದೃತುವಿನಲ್ಲಿ ಕುಪ್ಪಳ್ಳಿಗೆ ಕ್ಯಾಮೆರಾ ಹಿಡಿದು ಬರುವವರು ಕೆಂಪು, ಕಿತ್ತಳೆ ಎಲೆಗಳನ್ನು ಹುಡುಕಬಾರದು. ಕಾಶ್ಮೀರದ ಚಿನಾರ್ ಮರದ ಹಾಗೆ ಬಣ್ಣ ಬದಲಿಸುವ ಚಪಲ ನಮ್ಮ ಕಾಡಿಗಿಲ್ಲ. ಮಳೆ ಹಿಂದೆ ಸರಿದು ಗದ್ದೆ ಕೊಯ್ಲಿಗೆ ಬರುವ ತನಕದ ಕೆಲವೇ ವಾರಗಳಲ್ಲಿ ಇಲ್ಲಿ ಬದಲಾಗುವುದು ಬೆಳಕು. ನಾಲ್ಕು ತಿಂಗಳು ತೊಳೆಸಿಕೊಂಡ ಗಾಳಿಯಲ್ಲಿ ದೂರದ ಗುಡ್ಡದ ಅಂಚೂ ಗೆರೆ ಎಳೆದಂತೆ ಕಾಣುತ್ತದೆ.

ಕವಿಶೈಲಕ್ಕೆ ಬಂದವರೆಲ್ಲ ಸಂಜೆಗೆ ಕಾಯುತ್ತಾರೆ. ಕೆ.ಟಿ. ಶಿವಪ್ರಸಾದ್ ವಿನ್ಯಾಸ ಮಾಡಿದ ಶಿಲಾಕಂಬಗಳ ನಡುವೆ ಸೂರ್ಯನನ್ನು ಕೂರಿಸದೆ ಯಾರೂ ಇಳಿಯುವುದಿಲ್ಲ. ನನಗೆ ಬೆಳಗೇ ಇಷ್ಟ. 1994ರ ನವೆಂಬರ್‌ನಲ್ಲಿ ಕುವೆಂಪು ಅವರ ಅಂತ್ಯಸಂಸ್ಕಾರ ನಡೆದ ಆ ಬಂಡೆಯ ಮೇಲೆ ಆ ಹೊತ್ತಿನಲ್ಲಿ ಸೆಲ್ಫಿಯವರು ಇರುವುದಿಲ್ಲ, ಕೆಳಗೆ ಕಣಿವೆ ತುಂಬ ಮಂಜು.

ಈ ಸಲ ಅಲ್ಲಿಂದ ತೀರ್ಥಹಳ್ಳಿ ದಾಟಿ ಹೊಸನಗರದ ಕಡೆಯ ನಗರಕ್ಕೂ ಹೋದೆ. ಕೆಳದಿ, ಇಕ್ಕೇರಿಗಳ ನಂತರ ಕೆಳದಿ ಅರಸರಿಗೆ ರಾಜಧಾನಿಯಾಗಿದ್ದ ಬಿದನೂರು ಇದು. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಎಂದು ಕರೆದ. ಕಾಲ ಹೈದರನನ್ನು ಉದುರಿಸಿ ನಗರವನ್ನಷ್ಟೇ ಉಳಿಸಿತು. ಈಗ ಹೆಸರಿನಲ್ಲಿ ಬಿಟ್ಟರೆ ಅದು ಹಳ್ಳಿಯೇ. ಕೋಟೆಯ ಜಂಬಿಟ್ಟಿಗೆ ಗೋಡೆಯ ಮೇಲೆ ಮಳೆಗಾಲದ ಹಾವಸೆ ಇನ್ನೂ ಒಣಗಿರಲಿಲ್ಲ. ಹಸಿರಿನೊಳಗಿಂದ ಕಲ್ಲಿನ ಕೆಂಪು ಇಣುಕುತ್ತಿತ್ತು. ಬೇಸಿಗೆಯಲ್ಲಿ ಇದೇ ಗೋಡೆ ಬರೀ ಕಂದು, ಫೋಟೊಗೆ ನಿಸ್ಸಾರ. ಈ ಮಲೆಯ ಕಾಳುಮೆಣಸನ್ನು ಕಡಲಾಚೆಗೆ ಮಾರಿ ಸಿರಿ ಕಂಡ ರಾಜ್ಯ ಕೆಳದಿ. ಗೋಡೆಯ ಮೇಲೆ ನಿಂತರೆ ಆ ಸಿರಿಯ ಬೇರು ಕೆಳಗಿನ ತೋಟಗಳಲ್ಲಿ ಈಗಲೂ ಕಾಣುತ್ತದೆ.

ಅಂಥದೇ ಒಂದು ತೋಟ ನನ್ನ ಸೋದರಮಾವನದು. ಹಿಂತಿರುಗುವಾಗ ಅಲ್ಲಿ ಉಳಿದೆ. ಸಂಜೆಯ ಓರೆಬಿಸಿಲು ಅಡಿಕೆ ಸೋಗೆಗಳ ಹಿಂದಿನಿಂದ ಬಿದ್ದಾಗ ಇಡೀ ತೋಟ ಬಂಗಾರದ ಹಳದಿ. ಆ ಪ್ರವಾಸದ ಅತಿ ಚೆಂದದ ಚಿತ್ರ ಅದೇ. ಬೆಂಗಳೂರಿನ ಗೆಳೆಯನಿಗೆ ಕಳಿಸಿದ ಕೂಡಲೇ ಉತ್ತರ ಬಂತು: "ನಿಮ್ಮೂರಲ್ಲೂ ಆಟಮ್ ಇದೆಯಲ್ಲೋ!"

ಅಡಿಕೆ ಸೋಗೆ ಋತು ನೋಡಿ ಹಳದಿಯಾಗುವುದಿಲ್ಲ. ಅದು ಎಲೆಚುಕ್ಕಿ ರೋಗ. ಶಿಲೀಂಧ್ರದ ಸಣ್ಣ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಗರಿ ಹಳದಿಯಾಗಿ ಒಣಗುತ್ತದೆ, ಮರ ಸೊರಗುತ್ತದೆ, ಫಸಲು ಇಳಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಈಚಿನ ವರ್ಷಗಳಲ್ಲಿ ಇಬ್ಬರು ಬೆಳೆಗಾರರು ಸೇರಿದರೆ ಮಾತು ಅಲ್ಲಿಗೇ ಬರುತ್ತದೆ. ಔಷಧಿ ಹೊಡೆಯೋಣವೆಂದರೆ ಮರ ಎತ್ತರ, ಆಳು ಸಿಗುವುದಿಲ್ಲ, ಮಳೆ ಬಿಡುವು ಕೊಡುವುದಿಲ್ಲ. ಕೊಳೆರೋಗಕ್ಕೆ ಬೋರ್ಡೊ ಹೊಡೆದೇ ಹೈರಾಣಾದವರಿಗೆ ಇದು ಮೇಲಿನ ಹೊರೆ.

ಗೆಳೆಯನಿಗೆ ಅದನ್ನೆಲ್ಲ ಬರೆದೆ. ಚಿತ್ರವನ್ನು ಮಾತ್ರ ಅಳಿಸಲಿಲ್ಲ. ಚೆಂದವಿರುವುದು ಸುಳ್ಳಲ್ಲವಲ್ಲ.

ರಾತ್ರಿ ಮಾವ ಕನ್ನಡಕ ಏರಿಸಿ ಕ್ಯಾಮೆರಾದ ಪರದೆಯನ್ನು ತುಂಬ ಹೊತ್ತು ನೋಡಿದರು. ಚಿತ್ರ ದೊಡ್ಡದು ಮಾಡಲು ಹೇಳಿ, ಯಾವ ಸಾಲಿನ ತನಕ ಹಳದಿ ಹೋಗಿದೆ ಎಂದು ಬೆರಳಿಟ್ಟು ಎಣಿಸಿದರು.

"ಹೊಳೆ ಬದಿಗೂ ದಾಟದೆ ನೋಡು. ಕೆಳಗೆ ನಿಂತ್ರೆ ನಂಗೆ ಇಷ್ಟು ಕಾಣದಿಲ್ಲ ಮಾರಾಯ," ಎಂದರು. ಆಮೇಲೆ, "ಬೆಳಿಗ್ಗೆ ಒಂದು ಸೋಗೆ ಇಳಿಸ್ತೀನಿ. ಚುಕ್ಕಿ ಕಾಣೋ ಹಂಗೆ ಹತ್ರದಿಂದ ತೆಗಿ. ತೋಟಗಾರಿಕೆಯವ್ರಿಗೆ ತೋರಿಸ್ಬೇಕು."